ಟ್ರ್ಯಾಕಿನ ಟೈರು, ಮಳೆಯ ರಸ್ತೆ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಆಗಾಗ ಹೋಗುವ ನನಗೆ ಸೆಮಿ-ಸ್ಲಿಕ್ ಟೈರಿನ ಆಸೆ. ಮೆದು ರಬ್ಬರು, ಕಡಿಮೆ ಗ್ರೂವ್. ಬಿಸಿಯಾದರೆ ಒಣ ಟ್ರ್ಯಾಕಿನಲ್ಲಿ ಒಳ್ಳೆಯ ಹಿಡಿತ. ರಸ್ತೆಯಲ್ಲೂ ಓಡಿಸಬಹುದಾದದ್ದನ್ನೇ ನೋಡಿ ಹಾಕಿಸಿದೆ.

ಜೂನ್‌ನಲ್ಲಿ ಅಮ್ಮನನ್ನು ಕುಂಬಳೆಯಿಂದ ಕಾಸರಗೋಡಿಗೆ ಕರೆದುಕೊಂಡು ಹೋಗುವಾಗ, ನೀರು ನಿಂತ ಕಡೆ ಸ್ಟೀರಿಂಗ್ ಹಗುರಾಯಿತು. ಕಾರು ಒಂದು ಕ್ಷಣ ನೀರಿನ ಮೇಲೆ ತೇಲಿತು. ದೇವರ ದಯೆ, ಎದುರಿಗೆ ಗಾಡಿ ಇರಲಿಲ್ಲ.

"ಟೈರು ಹೊಸದಲ್ವಾ ಮಗಾ?" ಅಮ್ಮ ಕೇಳಿದರು.

ಹೊಸದೇ. ಕಾನೂನಿಗೆ 1.6 ಮಿಲಿಮೀಟರ್ ಆಳದ ಗ್ರೂವ್ ಸಾಕು. ನಮ್ಮೂರಿನ ಮಳೆಗೆ ಸಾಲದು.

ಈಗ ಆ ನಾಲ್ಕು ಟೈರು ಬೇರೆ ರಿಮ್ಮಿನಲ್ಲಿವೆ, ಟ್ರ್ಯಾಕಿನ ದಿನಕ್ಕೆ ಮಾತ್ರ. ನೀವೂ ಟೈರು ಆರಿಸುವ ಮೊದಲು ಕೇಳಿಕೊಳ್ಳಿ: ಮಳೆಗಾಲದಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಕೂರುವವರು ಯಾರು?