ಅಮೆರಿಕದ ಕೋರ್ಟಿಗೆ ದೊಡ್ಡವ್ವನ ಹೆಬ್ಬೆಟ್ಟು

ನಮ್ಮ ಕಡೆ ಕೋರ್ಟು ಅಂದ್ರೆ ಹೊಳೆನರಸೀಪುರದ ಬಸ್ ಹತ್ತೋದು, ಲಾಯರ್ ಆಫೀಸಿನ ಬೆಂಚಲ್ಲಿ ಕೂರೋದು, ವಾಯಿದೆ ತಗಂಡು ವಾಪಸ್ ಬರೋದು. ನಮ್ಮಕ್ಕನ ಮಗನ ಕೇಸು ನಡೀತಿರೋದು ಅಮೆರಿಕದ ಇಮಿಗ್ರೇಷನ್ ಕೋರ್ಟಲ್ಲಿ. ಓದಕ್ಕೆ ಅಂತ ಹೋದ, ಕೆಲಸ ಸಿಕ್ತು, ಆಮೇಲೆ ಕೆಲಸ ಹೋಯ್ತು, ವೀಸಾ ಅವಧೀನೂ ಮುಗೀತು. ದೇಶ ಬಿಟ್ಟು ಯಾಕೆ ಕಳಿಸಬಾರದು ಹೇಳು ಅಂತ ನೋಟೀಸು ಬಂತು. ಅಷ್ಟರಲ್ಲಿ ಅಲ್ಲೇ ಹುಟ್ಟಿ ಬೆಳೆದ ಕನ್ನಡದೋರ ಹುಡುಗೀನ ಮದುವೆ ಆಗಿದ್ದ. ಹೆಂಡತಿ ಅಲ್ಲಿನ ಪ್ರಜೆ ಆದ್ದರಿಂದ ಜಡ್ಜಿನ ಮುಂದೆಯೇ ಗ್ರೀನ್ ಕಾರ್ಡ್ ಕೇಳಬಹುದು ಅಂದ್ರು ಅವನ ಲಾಯರಮ್ಮ. ಅದಕ್ಕೆ ಜನನ ಪ್ರಮಾಣಪತ್ರ ಬೇಕು. ಅವನು ಹುಟ್ಟಿದ್ದೋ ನಮ್ಮನೆ ನಡುಮನೇಲಿ. 1969ರಲ್ಲೇ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ರೂ ಸೂಲಗಿತ್ತಿ ಕೈಲಿ ಹುಟ್ಟಿದ ಎಷ್ಟೋ ಮಕ್ಕಳ ಹೆಸರು ಯಾವ ಪುಸ್ತಕಕ್ಕೂ ಏರಲಿಲ್ಲ.

ಅಲ್ಲಿನ ಪದ್ಧತಿ ಕೇಳಿ. 2022ರ ಫೆಬ್ರವರಿ 11ರಿಂದ ಈ ಕೋರ್ಟುಗಳಲ್ಲಿ ಲಾಯರುಗಳು ಕಾಗದ ಪತ್ರವನ್ನೆಲ್ಲ ಕಂಪ್ಯೂಟರಲ್ಲೇ ಹಾಕಬೇಕು, ಹಳೇ ಕಾಗದದ ಕಡತ ಇರೋ ಕೇಸು ಮಾತ್ರ ಬೇರೆ. (ಕೋರ್ಟು ಅಂತ ಹೆಸರೇ ಹೊರತು ಅದು ಸರ್ಕಾರದ ನ್ಯಾಯ ಇಲಾಖೆ ಕೆಳಗೇ ಇರೋದಂತೆ. ನಂಗಿದು ವಸಿ ವಿಚಿತ್ರ ಅನ್ನಿಸ್ತು.) ಕಾಗದದ ಕಾಲದಲ್ಲಿ ಗಡುವಿನ ದಿನ ಅಂಚೆಗೆ ಹಾಕಿದ್ರೆ ಸಾಲ್ತಿರಲಿಲ್ಲ, ಕೋರ್ಟಿನ ಕೈ ಸೇರಿರಬೇಕಿತ್ತು. ಈಗ ಪಿಡಿಎಫ್ ಮಾಡಿ, ಪುಟಕ್ಕೆಲ್ಲ ನಂಬರ್ ಕೊಟ್ಟು, ಮುಂದೆ ಒಂದು ಪಟ್ಟಿ ಇಟ್ಟು ಗುಂಡಿ ಒತ್ತಿದ್ರೆ ಆಯ್ತು. ಆದ್ರೆ ಒತ್ತಿದ ಗಳಿಗೇಲೇ ಎದುರು ಪಕ್ಷದ ಸರ್ಕಾರಿ ವಕೀಲರಿಗೂ ಕಾಣ್ತದೆ. ನಮ್ಮ ಕಡೆ ಅರ್ಜೀನ ಗುಮಾಸ್ತರ ಕೈಯಿಂದ ಈಸ್ಕಂಡು ಒಂದಕ್ಷರ ತಿದ್ದಿಕೊಡ್ತಾರಲ್ಲ, ಅದಿಲ್ಲ.

ಹುಟ್ಟಿದ ದಾಖಲೆ ಇಲ್ಲ ಅಂತ ಒಂದು ಅಲಭ್ಯತಾ ಪ್ರಮಾಣಪತ್ರ ತಗಂಡ್ವಿ. ಅದರ ಜೊತೆಗೆ ಅವನು ಹುಟ್ಟಿದ್ದು ಬಲ್ಲ ಹಿರಿಯರು ಇಬ್ಬರ ಅಫಿಡವಿಟ್ಟು. ಅಕ್ಕ ತೀರ್ಕಂಡಿದ್ದಾಳೆ. ಉಳಿದೋರು ಭಾವ, ಇನ್ನೊಬ್ರು ನಮ್ಮ ದೊಡ್ಡವ್ವ. ಹೆರಿಗೆ ಹೊತ್ತಲ್ಲಿ ಬಿಸಿನೀರು ಕಾಯಿಸಿ ಕೊಟ್ಟೋರು ಅವರೇ.

ನೋಟರಿ ಹತ್ರ ಟೈಪ್ ಮಾಡೋ ಹುಡುಗ ಸ್ಕೂಲ್ ಟಿ.ಸಿ. ನೋಡ್ಕಂಡು, "ಜೂನ್ 1 ಅಂತ ಹೊಡೀತೀನಿ ಅಜ್ಜಿ" ಅಂದ.

"ಯಾವ ಜೂನಪ್ಪ? ಜೂನಲ್ಲಿ ಇವರವ್ವ ಬಿತ್ತನೆ ಹೊಲಕ್ಕೆ ಬುತ್ತಿ ಹೊತ್ಕಂಡು ಬತ್ತಿದ್ಲು. ಇವನು ಹುಟ್ಟಿದ್ದು ಗೌರಿ ಹಬ್ಬದ ಹಿಂದಿನ ರಾತ್ರಿ. ನಾನು ಮೊರದ ಬಾಗಿನ ಹೊಂದಿಸ್ತಾ ಕೂತಿದ್ದೆ. ಸುಳ್ಳಿಗೆ ಹೆಬ್ಬೆಟ್ಟು ಒತ್ತಲ್ಲ ಕಣಪ್ಪ."

ಭಾವನ ಮುಖ ಬಿಳಿಚ್ಕಂತು. ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ವಯಸ್ಸು ಹೊಂದಿಸಕ್ಕೆ ಬರ್ಕಂಡ ತಾರೀಕು ಅದು. ನಮ್ಮ ತಲೆಮಾರಲ್ಲಿ ಅರ್ಧ ಊರು ಜೂನಲ್ಲೇ ಹುಟ್ಟಿದೆ! ಆದ್ರೆ ಪಾಸ್‌ಪೋರ್ಟು, ವೀಸಾ ಎಲ್ಲ ಅದರ ಮೇಲೇ ನಿಂತಿದ್ವು. "ಒಂದ್ ತಾರೀಕಿಗೆ ಹಟ ಹಿಡಿದ್ರೆ ಮಗನ್ನೇ ವಾಪಸ್ ಅಟ್ತಾರಲ್ಲ ದೊಡ್ಡವ್ವ" ಅಂದ್ರು ಭಾವ. ದೊಡ್ಡವ್ವ ಕೈ ಸೆರಗೊಳಗೆ ಇಟ್ಕಂಡು ಕೂತೇ ಇದ್ರು.

ಅವತ್ತು ರಾತ್ರಿ ಫೋನ್ ಮಾಡಿ ಕೇಳಿದ್ದಕ್ಕೆ ಲಾಯರಮ್ಮ ಹೇಳಿದ್ದು: ಅವರು ಏನು ಕಂಡಿದ್ದಾರೋ ಅದನ್ನೇ ಬರೆಸಿ, ತಿದ್ದಬೇಡಿ. ಸ್ಕೂಲಿನ ತಾರೀಕು ಹೆಂಗೆ ಬಂತು ಅಂತ ತಂದೆ ತಮ್ಮದರಲ್ಲಿ ಹೇಳಲಿ. ವ್ಯತ್ಯಾಸಾನ ನಾವೇ ಬಿಡಿಸಿ ಹೇಳಿದ್ರೆ ಅದು ವಿವರಣೆ, ಎದುರಿನೋರು ಹುಡುಕಿ ತೆಗೆದ್ರೆ ಅದು ಅನುಮಾನ. ಈ ಮಾತು ನಂಗೆ ಹಿಡಿಸ್ತು.

ಹೆಸರಿನದು ಇನ್ನೊಂದು ತಾಪತ್ರಯ. ಟಿ.ಸಿ.ಯಲ್ಲಿ ಬರೀ 'ಹೆಚ್' ಅಂತ ಇನಿಶಿಯಲ್ಲು. ಪಾಸ್‌ಪೋರ್ಟಲ್ಲಿ ಅದು ಬಿಡಿಸ್ಕಂಡು ಹಳ್ಳಿಮೈಸೂರು ಅಂತ ಆಗಿ, ಅಲ್ಲಿ ಅದೇ ಮನೆತನದ ಹೆಸರಾಗಿದೆ. ಕೋರ್ಟಲ್ಲಿ ಅವನನ್ನ 'ಮಿಸ್ಟರ್ ಹಳ್ಳಿಮೈಸೂರು' ಅಂತಲೇ ಕೂಗ್ತಾರಂತೆ. ಇಬ್ಬರೂ ಒಬ್ಬನೇ ಅಂತ ಅದಕ್ಕೂ ಎರಡು ಸಾಲು ಬರೆಸಿದ್ವಿ.

ಕನ್ನಡದ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ ಬೇಕು, ಎರಡೂ ಭಾಷೆ ಬಲ್ಲೆ, ಇದು ನಿಜವಾದ ಅನುವಾದ ಅಂತ ಮಾಡಿದೋರ ಸಹಿ ಬೇಕು. ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಮಾಡಿಕೊಟ್ರು. 'ಮೊರದ ಬಾಗಿನ'ಕ್ಕೆ ಅರ್ಧ ದಿನ ಒದ್ದಾಡಿದ್ರು. ಬಿಟ್ಬಿಡಿ ಸಾರ್ ಅಂದೆ, ದೊಡ್ಡವ್ವ ಹೇಳಿದ್ದನ್ನ ಬಿಡಕ್ಕಾಗಲ್ಲ ಕಣಮ್ಮ ಅಂದ್ರು.

ನೋಟರಿ ಎಲ್ಲಾನೂ ಓದಿ ಹೇಳಿದ ಮೇಲೆ ದೊಡ್ಡವ್ವ ಹೆಬ್ಬೆಟ್ಟು ಒತ್ತಿದ್ರು. ಕಳೆ ಕಿತ್ತು ಕಿತ್ತು ಸವೆದ ಬೆರಳು, ಸ್ಕ್ಯಾನಲ್ಲಿ ಬರೀ ಮಸಿ ಚುಕ್ಕೆ ಥರ ಬಂತು. ಮೂರು ಸಲ ತೆಗೆಸಿ ಕಳಿಸಿದೆ. ನಮಗೆ ಬೆಳಗಾಗೋದ್ರೊಳಗೆ ಲಾಯರಮ್ಮ ಹಾಕಿ ಮುಗಿಸಿದ್ರು.

ಅಸಲು ಕಾಗದಾನೂ ವಿಚಾರಣೆ ದಿನ ಕೈಲಿರಬೇಕಂತೆ. ನಮ್ಮೋರೊಬ್ರ ಮಗಳು ಹೊರಟಿದ್ಲು, ಅವಳ ಕೈಚೀಲದಲ್ಲಿ ಚಟ್ನಿಪುಡಿ ತಾಗದ ಹಂಗೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಕಳಿಸಿದ್ವಿ. ವಿಚಾರಣೆ ಇನ್ನೂ ದೂರ ಇದೆ. ದೊಡ್ಡವ್ವ ಮಾತ್ರ ಅವನು ಫೋನ್ ಮಾಡಿದಾಗೆಲ್ಲ, "ಜಡ್ಜು ಬಾಗಿನದ್ದು ಓದಿದ್ರೇನ್ಲಾ?" ಅಂತ ಕೇಳ್ತಾವ್ರೆ.