ಅಣ್ಣನ ಸ್ವಭಾವ

ನಮ್ಮ ಶಿರವಾಳದಲ್ಲಿ ಚಾಲುಕ್ಯ-ರಾಷ್ಟ್ರಕೂಟರ ಕಾಲದ ಹಳೆಯ ಗುಡಿಗಳು ಹಲವುಂಟು. ಶಹಾಪುರದ ಕಡೆಯಿಂದ ಯಾರಾದರೂ ಅವನ್ನು ನೋಡಬಂದರೆ ಊರವರು ಮೊದಲು ನಮ್ಮಣ್ಣನ ಮನೆಯನ್ನು ತೋರಿಸುತ್ತಿದ್ದರು. ಶಾಲಾಮಾಸ್ತರನಾಗಿದ್ದ ಆತನು ಉಂಡ ಕೈ ತೊಳೆದವನೇ ಅತಿಥಿಗಳೊಡನೆ ಹೊರಟು, ಕಂಬಕಂಬಕ್ಕೂ ನಿಂತು ವಿವರಿಸುತ್ತಿದ್ದನು.

ಅಂಥವನು 2019ರ ಬೇಸಗೆಯಲ್ಲಿ, ಬಂದವರ ಕಡೆಗೆ ತಿರುಗಿಯೂ ನೋಡದೆ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರತೊಡಗಿದನು. ಅತ್ತಿಗೆಯವರು ಜ್ವರದಿಂದ ಮೂರು ದಿನ ಮಲಗಿದರೂ ಹೇಗಿರುವೆಯೆಂದು ಕೇಳಲಿಲ್ಲ. ಬಂಧುಗಳೊಬ್ಬರ ಮಣ್ಣಿಗೆ ಹೋದಾಗ ಎಲ್ಲರೆದುರಿಗೆ ಗಹಗಹಿಸಿ ನಕ್ಕನು. ಮಾಸ್ತರನಿಗೆ ಸೊಕ್ಕು ಬಂದಿತೆಂದು ಜನರು ಆಡಿಕೊಂಡರು. ನಾನೂ ಆತನೊಡನೆ ಎರಡು ತಿಂಗಳು ಮಾತು ಬಿಟ್ಟೆನು. ಈ ಲೇಖನಕ್ಕೆ ಆ ಎರಡು ತಿಂಗಳುಗಳೇ ಕಾರಣ.

ಆಮೇಲೆ ಬಲಗೈಯಿಂದ ರೊಟ್ಟಿ ಮುರಿಯಲು ಬಾರದಾಯಿತು, ಮಾತು ತೊದಲಿತು. ಬೆಂಗಳೂರಿಗೆ ಕರೆದೊಯ್ದಾಗ ವೈದ್ಯರು ಇದು ಮೋಟಾರ್ ನ್ಯೂರಾನ್ ಕಾಯಿಲೆಯೆಂದರು. ಸ್ನಾಯುಗಳಿಗೆ ಅಪ್ಪಣೆಯನ್ನೊಯ್ಯುವ ನರಕೋಶಗಳು ಕ್ರಮೇಣ ನಶಿಸುವ ವ್ಯಾಧಿಯಿದು. ಪೂರ್ಣವಾಗಿ ಗುಣಪಡಿಸುವ ಔಷಧವಿನ್ನೂ ಇಲ್ಲ.

ಪ್ಯಾರಿಸಿನ ಶಾರ್ಕೋ ಎಂಬ ವೈದ್ಯನು 1869ರಲ್ಲಿ ಈ ರೋಗವನ್ನು ವಿವರಿಸಿದ ಮೇಲೆ ಬಹುಕಾಲದವರೆಗೆ, ಇದು ದೇಹವನ್ನಲ್ಲದೆ ಬುದ್ಧಿಯನ್ನು ಮುಟ್ಟದೆಂದೇ ಸಾಮಾನ್ಯವಾದ ನಂಬುಗೆಯಿದ್ದಿತು. ಈಗ ತಿಳಿದಿರುವುದು ಬೇರೆ. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವಿಚಾರಶಕ್ತಿಯಲ್ಲಿಯೋ ನಡತೆಯಲ್ಲಿಯೋ ಏನಾದರೂ ವ್ಯತ್ಯಾಸವಾಗುವುದು; ನೂರಕ್ಕೆ ಹತ್ತು-ಹದಿನೈದು ಮಂದಿಗೆ ಮಿದುಳಿನ ಮುಂಭಾಗವು ಕ್ಷಯಿಸಿ ಬುದ್ಧಿಭ್ರಂಶವೇ ಉಂಟಾಗುವುದು. ಈ ಎರಡು ವ್ಯಾಧಿಗಳಿಗೂ ಕಾರಣವಾಗಬಲ್ಲ ಒಂದೇ ವಂಶವಾಹಿಯ ದೋಷವು 2011ರಲ್ಲಿ ಪತ್ತೆಯಾಯಿತು. ಉತ್ಸಾಹ, ಕನಿಕರ, ಮುಂದಾಲೋಚನೆಗಳಿಗೆ ಆ ಮುಂಭಾಗವೇ ಬಹುಮಟ್ಟಿಗೆ ಆಧಾರ. ತಡೆಯಲಾರದ ನಗೆಯೂ ಅಳುವೂ ಬೇರೆ ಮಾತು: ಬುದ್ಧಿ ನೆಟ್ಟಗಿದ್ದವರಲ್ಲಿಯೂ ಅವು ಬರುವುವು, ಒಳಗಿನ ಭಾವಕ್ಕೆ ಹೊಂದದೆಯೂ ಬರುವುವು, ಅವನ್ನು ತಗ್ಗಿಸಲು ಔಷಧಗಳುಂಟು.

ನರವನ್ನೂ ಮನಸ್ಸನ್ನೂ ಒಂದೇ ಸೂರಿನಡಿಯಲ್ಲಿ ನೋಡುವ ನಿಮ್ಹಾನ್ಸ್ ಸಂಸ್ಥೆಯು 1974ರಿಂದ ಬೆಂಗಳೂರಿನಲ್ಲಿದೆ. ನಮ್ಮ ಹಳ್ಳಿಗಳಲ್ಲಿಯಾದರೋ ಕೈಸೋತರೆ ವೈದ್ಯನ ಬಾಗಿಲು, ಸ್ವಭಾವ ಕೆಟ್ಟರೆ ದೇವರ ಬಾಗಿಲು. ಎರಡಕ್ಕೂ ಮೂಲವೊಂದೇ ಇರಬಹುದೆಂದು ನಮಗಾರಿಗೂ ಹೊಳೆದಿರಲಿಲ್ಲ.

ಅಂದಿನಿಂದ ಮನೆಯ ರೀತಿಯನ್ನೇ ಬದಲಿಸಿದೆವು. "ಏನು ಉಣ್ಣುವೆ?" ಎಂದರೆ ಆತನು ಉತ್ತರಿಸುತ್ತಿರಲಿಲ್ಲ, "ನುಚ್ಚೋ, ಗಂಜಿಯೋ?" ಎಂದರೆ ಬೆರಳೆತ್ತುತ್ತಿದ್ದನು. ಒಂದು ಸಲಕ್ಕೆ ಒಂದೇ ಮಾತು. ಸ್ನಾನ ಊಟಗಳಿಗೆ ನಿತ್ಯವೂ ಒಂದೇ ಹೊತ್ತು. ನುಂಗುವ ಶಕ್ತಿ ಕುಂದಿದ್ದರೂ ಆತನು ಅವಸರದಿಂದ ಬಾಯಿ ತುಂಬಿಕೊಳ್ಳುತ್ತಿದ್ದನು. ಅನ್ನವು ಶ್ವಾಸನಾಳಕ್ಕಿಳಿದರೆ ಪ್ರಾಣಾಪಾಯ. ಆದುದರಿಂದ ತಟ್ಟೆಗೆ ಎರಡೇ ತುತ್ತು ಬಡಿಸಿ, ಯಾರಾದರೊಬ್ಬರು ಬಳಿಯಲ್ಲಿ ಕುಳಿತಿರುತ್ತಿದ್ದೆವು. ಸಿಟ್ಟು ಬಂದಾಗ ವಾದಿಸದೆ ಬೇರೊಂದು ವಿಷಯವನ್ನೆತ್ತುತ್ತಿದ್ದೆವು.

ಒಂದು ವಿಷಯದಲ್ಲಿ ಮಾತ್ರ ತಡಮಾಡಿದೆವು. ಹೊಲವನ್ನು ಅರ್ಧಬೆಲೆಗೆ ಕೇಳಿದವನೊಬ್ಬನಿಗೆ ಆತನು ಒಪ್ಪಿಗೆಯಿತ್ತುಬಿಟ್ಟಿದ್ದನು. ಬಹಳ ಪ್ರಯಾಸದಿಂದ ಬಿಡಿಸಿಕೊಂಡೆವು. ಹಣಕಾಸು, ಆಸ್ತಿ, ಮುಂದೆ ಉಸಿರಾಟದ ಯಂತ್ರ ಬೇಕೇ ಬೇಡವೇ ಎಂಬಿವೆಲ್ಲವನ್ನೂ ರೋಗಿಯ ವಿವೇಕವು ಸ್ಥಿರವಾಗಿರುವಾಗಲೇ, ಆತನ ಬಾಯಿಂದಲೇ ಕೇಳಿ ಬರೆದಿಡತಕ್ಕದ್ದು.

ಹಾಗೆಂದು ಮಾತು ಹೋದವನಿಗೆ ಬುದ್ಧಿಯೂ ಹೋಯಿತೆಂದು ಎಣಿಸಲಾಗದು. 2021ರ ಚಳಿಗಾಲದಲ್ಲಿ ಆತನನ್ನು ಗಾಲಿಕುರ್ಚಿಯಲ್ಲಿ ಗುಡಿಗೆ ಕರೆದೊಯ್ದು, ಆತನೇ ಹೇಳಿಕೊಟ್ಟಿದ್ದುದನ್ನು ನನ್ನ ಮಕ್ಕಳಿಗೆ ವಿವರಿಸುತ್ತಿದ್ದೆನು. ಒಂದು ಕಂಬದ ಮುಂದೆ ನಾನು ತಪ್ಪಿ ಹೇಳಿದೆನು. ಅಣ್ಣನು ಎಡಗೈಯ ಬೆರಳನ್ನೆತ್ತಿ ಅಲ್ಲವೆಂದು ಆಡಿಸಿದನು.

ಮರುವರ್ಷ ಆತನು ತೀರಿಕೊಂಡನು. ದಿನಕರ್ಮಗಳು ಮುಗಿದ ಮೇಲೊಂದು ಸಂಜೆ ಅತ್ತಿಗೆಯವರು, "ಜ್ವರದಾಗ ಕೇಳಲಿಲ್ಲಂತ ಆಗ ಸಿಟ್ಟಿತ್ತು ತಮ್ಮಾ. ಕಾರಣ ತಿಳಿದ ಮ್ಯಾಲ ಬರೀ ಸಂಕಟ ಉಳೀತು. ಸಿಟ್ಟಿಗಿಂತ ಸಂಕಟ ಹೊರೋದು ಹಗುರ," ಎಂದರು.

ನನಗೆ ನನ್ನ ಎರಡು ತಿಂಗಳುಗಳು ನೆನಪಾದುವು. ಅವು ಇಂದಿಗೂ ಹಗುರಾಗಿಲ್ಲ.