ನನ್ನ ನಂಬರಿಗೇ ಬರಲಿ!

ಹಾಲು ಉಕ್ಕೀತೆಂದು ಒಲೆಯ ಮುಂದೆ ಕಾದು ನಿಲ್ಲುತ್ತೀರಿ. ಪಕ್ಕದ ಕುಕ್ಕರಿಗೆ ಹಾಗೆ ಕಾಯುತ್ತೀರಾ? ಇಲ್ಲ. ಅದೇ ಕೂಗಿ ಕರೆಯುತ್ತದೆ, ಅಲ್ಲವೇ?

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗ ಕಂದಿಕೆರೆಗೆ ಬಂದಾಗ, "ಏನೋ ನಿನ್ನ ಕೆಲ್ಸ?" ಅಂದೆ. "ಕುಕ್ಕರ್ ಕೂಗ್ಸೋದು ಚಿಕ್ಕಮ್ಮ!" ಅಂದ. ಹಣ ಬಂತು, ಬಸ್ಸು ಹೊರಟಿತು, ಹೀಗೆ ಏನಾದರೂ ನಡೆದ ಕೂಡಲೇ ಬೇಕಾದವರಿಗೆ ತಾನಾಗಿ ಸುದ್ದಿ ಮುಟ್ಟಿಸುವ ಅಪ್ಲಿಕೇಶನ್‌ಗಳನ್ನು ಬರೆಯುತ್ತಾನಂತೆ. "ಆಯ್ತಾ, ಆಯ್ತಾ" ಎಂದು ಪದೇ ಪದೇ ಕೇಳಬೇಕಿಲ್ಲ. ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ. ದೂರದಲ್ಲಿರುವ ಕಂಪ್ಯೂಟರುಗಳನ್ನು ಬಾಡಿಗೆಗೆ ಪಡೆಯುವುದು. 2014ರಲ್ಲಿ ಅಮೆಜಾನ್ ಕಂಪನಿ ತಂದ ಲ್ಯಾಂಬ್ಡಾ ಎಂಬ ಸೇವೆ, ಕರೆ ಬಂದಾಗಷ್ಟೇ ದುಡಿಯುತ್ತದೆ; ಬಾಡಿಗೆಯೂ ಅಷ್ಟಕ್ಕೇ. ಕಾಯಿ ಸುಲಿಯುವವರಿಗೆ ನಾವು ಎಣಿಕೆಯ ಲೆಕ್ಕದಲ್ಲಿ ಕೂಲಿ ಕೊಡುವುದಿಲ್ಲವೇ, ಹಾಗೆ.

ಅದೇ 2014ರಲ್ಲಿ ನಮ್ಮ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯೂ ಅದಕ್ಕೆ ಸೇರಿತು. ವ್ಯಾಪಾರಿಗಳು ಕಂಪ್ಯೂಟರಿನಲ್ಲೇ ದರ ಹಾಕುತ್ತಾರೆ. ಟೆಂಡರ್ ಮುಗಿದ ಮೇಲೆ ದರದ ಸುದ್ದಿ ರೈತರ ಮೊಬೈಲಿಗೆ ಬರುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಮಾರದಿರುವ ಹಕ್ಕೂ ಅವರದೇ.

ಯಜಮಾನರು ಹೋದ ಮೇಲೆ ತೋಟ ನನ್ನ ಹೆಗಲಿಗೆ ಬಿತ್ತು. ಹತ್ತು ಹನ್ನೊಂದು ತಿಂಗಳು ಕಾಯಿಯನ್ನು ಅಟ್ಟದ ಮೇಲೆ ಒಣಗಿಸಿ, ಅಲ್ಲಾಡಿಸಿ ಕಿವಿಗೊಟ್ಟು, ಕೊಬ್ಬರಿ ಒಳಗೇ ಕಳಚಿಕೊಂಡ ಸದ್ದು ಕೇಳಿದ ಮೇಲೆ ಸುಲಿಸಿ, ಚಿಪ್ಪು ಒಡೆಸಿ ತಿಪಟೂರಿಗೆ ಕಳಿಸಿದೆ. ಮಧ್ಯಾಹ್ನವಾಯಿತು, ಸುದ್ದಿಯಿಲ್ಲ. ಸಂಜೆ ಬೆಂಗಳೂರಿನಿಂದ ಮಗನ ಫೋನು: "ಅಮ್ಮ, ಮೆಸೇಜ್ ಆಗ್ಲೇ ಬಂದಿತ್ತು, ಮೀಟಿಂಗ್‌ನಲ್ಲಿದ್ದೆ, ಈಗ ನೋಡ್ದೆ." ಆ ದರಕ್ಕೆ ನಾನು ಖಂಡಿತ ಕೊಡುತ್ತಿರಲಿಲ್ಲ. ಅಷ್ಟರಲ್ಲಿ ತೂಕವೇ ಆಗಿಹೋಗಿತ್ತು. ವರ್ಷದ ಗಂಜಿ ಅದು, ಆ ರಾತ್ರಿ ನಿದ್ದೆ ಬರಲಿಲ್ಲ.

ತಪ್ಪು ಯಂತ್ರದ್ದಲ್ಲ, ಮಗನದೂ ಅಲ್ಲ. ಹೆಸರು ಬರೆಸುವಾಗ ನಾನೇ, "ಮಗನ ನಂಬರ್ ಹಾಕ್ಕೊಳಿ, ನಂಗೇನು ತಿಳಿಯುತ್ತೆ" ಅಂದಿದ್ದೆ!

ಮರುದಿನವೇ ಹೋಗಿ ನನ್ನ ನಂಬರು ಬರೆಸಿದೆ. ಮುಂದಿನ ಸಲ ಮುದ್ದೆ ತೊಳಸುತ್ತಿರುವಾಗ ಫೋನು ಕಿಣಿಕಿಣಿ ಎಂದಿತು. ಹಿಟ್ಟಿನ ಕೈ ಒರೆಸಿಕೊಂಡು ಓದಿದೆ. ದರ ಮನಸ್ಸಿಗೆ ಬರಲಿಲ್ಲ. "ಬೇಡ" ಅಂದೆ. ಇನ್ನೊಂದು ಟೆಂಡರಿಗೆ ಕಾದು ಮಾರಿದೆ.

ನಿಮ್ಮ ಬ್ಯಾಂಕಿನ ಖಾತೆಗೆ, ಗ್ಯಾಸಿಗೆ ಯಾರ ನಂಬರಿದೆ? ಇವತ್ತೇ ನೋಡಿಕೊಳ್ಳಿ. ಯಂತ್ರ ಎಷ್ಟೇ ಜಾಣನಾದರೂ ಬರೆಸಿದ ನಂಬರಿಗೇ ಕೂಗುತ್ತದೆ. ಕುಕ್ಕರು ನಿಮ್ಮದು, ಕೂಗು ಮಾತ್ರ ಪಕ್ಕದ ಮನೆಗೆ ಕೇಳಿದರೆ ಅನ್ನ ಸೀಯದೆ ಇನ್ನೇನಾದೀತು?